ಅನುಭವಕ್ಕೆ ಒಂದು ದೀರ್ಘ

ನನ್ನ ಕೋಣೆಯ ಗೋಡೆ ಮೇಲೆ ಪೆನ್ಸಿಲ್ಲಿನ ಸಣ್ಣ ಸಣ್ಣ ಗೀಟುಗಳಿವೆ. ನೋಡಿದವರು ಮಕ್ಕಳ ಎತ್ತರ ಅಳೆದಿದ್ದು ಅಂದುಕೊಳ್ಳುತ್ತಾರೆ. ಅಲ್ಲ, ಅದು ನನ್ನ ಬಲಗೈಯ ಎತ್ತರ.

ಅಪ್ಪ ಹೋಗಿ ಮೂರ್ನಾಲ್ಕು ತಿಂಗಳಾಗಿತ್ತು, ಭುಜ ಹಿಡಿದುಕೊಂಡಿತು. ಫ್ರೋಜನ್ ಶೋಲ್ಡರ್. 40ರಿಂದ 60ರೊಳಗಿನವರಿಗೆ ಹೆಚ್ಚಾಗಿ ಬರುತ್ತದೆ. ಕೀಲಿನ ಸುತ್ತ ಇರುವ ಚೀಲ ದಪ್ಪಗಾಗಿ ಬಿಗಿದುಕೊಳ್ಳುತ್ತದೆ, ಬಿಡುವುದಕ್ಕೆ ಒಂದು ವರ್ಷವೂ ಆಗಬಹುದು, ಮೂರು ವರ್ಷವೂ ಆಗಬಹುದು. ದುಃಖಕ್ಕೂ ಭುಜಕ್ಕೂ ಗಂಟು ಹಾಕುವ ಆಸೆ ನನಗಿಲ್ಲ. ಎರಡೂ ಒಟ್ಟಿಗೆ ಬಂದವು, ಅಷ್ಟೇ. ತಲೆ ಬಾಚಲು ಆಗುತ್ತಿರಲಿಲ್ಲ, ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರ.

ಆಗ ಬಂದ ಉಪದೇಶಗಳನ್ನು ನೆನೆಸಿಕೊಂಡರೆ ಈಗ ನಗು ಬರುತ್ತದೆ. ಒಬ್ಬರು 'ಬರೀರಿ, ಹಗುರಾಗ್ತೀರಿ' ಅಂದರು. ಇನ್ನೊಬ್ಬರು 'ಬೆಳಿಗ್ಗೆ ಎದ್ದು ಓಡಿ'. ಮೂರನೆಯವರು ಧ್ಯಾನದ ಆ್ಯಪ್ ಕಳಿಸಿದರು, ಮೊದಲ ತಿಂಗಳು ಉಚಿತವಂತೆ. ಕಲೆ, ಕಸರತ್ತು, ಅಧ್ಯಾತ್ಮ: ಮನುಷ್ಯ ಸಂಕಟಕ್ಕೆ ಎದುರಾಗಿ ಸಾವಿರಾರು ವರ್ಷ ಕಟ್ಟಿಕೊಂಡು ಬಂದ ಮೂರನ್ನೂ ಊಟವಾದ ಮೇಲೆ ಒಂದರಂತೆ ನುಂಗುವ ಮಾತ್ರೆ ಮಾಡಿಬಿಟ್ಟಿದ್ದೇವೆ. ನನ್ನ ತಕರಾರು ಇರುವುದು ಇಲ್ಲೇ. ಇವು ಯಾವುವೂ ನೋವು ಕಳೆಯುವುದಿಲ್ಲ. ನೋವಿಗೆ ದಿನಾ ಒಂದು ಕೆಲಸ ಕೊಡುತ್ತವೆ.

ಫಿಸಿಯೋಥೆರಪಿಯವರು ಕೊಟ್ಟ ಕೆಲಸ ಹೀಗಿತ್ತು. ಗೋಡೆಗೆ ಮುಖ ಮಾಡಿ ನಿಂತು, ಎರಡು ಬೆರಳನ್ನು ಜೇಡ ಹತ್ತುವ ಹಾಗೆ ಮೇಲಕ್ಕೆ ನಡೆಸುವುದು. ಬೆರಳು ನಿಂತಲ್ಲಿ ಎಡಗೈಯಿಂದ ಒಂದು ಗೀಟು ಎಳೆಯುವುದು. ಮಾರನೆ ದಿನ ಮತ್ತೆ. 'ಎಷ್ಟು ದಿನ ಮಾಡಬೇಕು ಸಾರ್?' ಅಂತ ಕೇಳಿದೆ. 'ಗೀಟು ಎಳೀರಿ, ಎಣಿಸೋಕೆ ಹೋಗಬೇಡಿ' ಅಂದರು.

ಗೀಟು ಎಳೆಯುತ್ತಾ ನಿಂತಾಗಲೇ ಹಿಂದೆಂದೋ ಓದಿದ್ದ ಒಂದು ಮೊಳೆಯ ವಿಷಯ ನೆನಪಾಯಿತು. ಸೂಫಿ ಕವಿ ರೂಮಿಯ ಹೆಸರು ಕೇಳದವರು ಈಗ ಯಾರಿದ್ದಾರೆ? ಗುಡ್ ಮಾರ್ನಿಂಗ್ ಸಂದೇಶಗಳಲ್ಲೆಲ್ಲ ಅವನೇ (ಅವನು ಬರೆಯದ ಸಾಲುಗಳೂ ಅವನ ಲೆಕ್ಕಕ್ಕೇ). 1244ರಲ್ಲಿ ಈಗಿನ ಟರ್ಕಿಯ ಕೊನ್ಯಾ ನಗರದಲ್ಲಿ ಶಂಸ್ ಎಂಬ ಅಲೆಮಾರಿ ಅವನಿಗೆ ಸಿಕ್ಕ, ಕೆಲವೇ ವರ್ಷಗಳಲ್ಲಿ ಹೇಳಹೆಸರಿಲ್ಲದ ಹಾಗೆ ಮಾಯವಾದ. ವಿದ್ವಾಂಸನಾಗಿದ್ದ ರೂಮಿ ಆ ಅಗಲಿಕೆಯಲ್ಲಿ ಕವಿಯಾದ. ಈ ಕಥೆ ಎಲ್ಲರಿಗೂ ಇಷ್ಟ. 1273ರಲ್ಲಿ ಅವನು ತೀರಿಕೊಂಡ ಮೇಲೆ ಬೆಳೆದ ಮೆವ್ಲೆವಿ ಪಂಥದವರು ಆ ವಿರಹವನ್ನು ಹೇಗೆ ಕಲಿಸಿದರು ಅನ್ನುವುದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಸೇರಲು ಬಂದವನಿಗೆ ಮೊದಲು 1001 ದಿನಗಳ ಸೇವೆ, ಅದೂ ಅಡುಗೆಮನೆಯಿಂದ ಶುರು. ದೇವರ ಸ್ಮರಣೆಯಲ್ಲಿ ಗಿರಗಿರನೆ ಸುತ್ತುವುದು ಅವರ ಪದ್ಧತಿ. ಅದನ್ನು ಕಲಿಯಲು ಒಂದು ನುಣುಪಾದ ಹಲಗೆ. ಹಲಗೆಯ ನಡುವೆ ಒಂದು ಮೊಳೆ. ಎಡಗಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಗೆ ಆ ಮೊಳೆ ಸಿಕ್ಕಿಸಿಕೊಂಡು, ಹಲಗೆ ಮೇಲೆ ಉಪ್ಪು ಉದುರಿಸಿ, ಬಲಗಾಲಿನಿಂದ ತಳ್ಳಿ ತಳ್ಳಿ ಸುತ್ತಬೇಕು. ಕಾಲು ಜಾಗ ಬಿಟ್ಟು ಕದಲಬಾರದು.

ಬಿಳಿ ನಿಲುವಂಗಿಯ ಘೇರು ಹೂವಿನ ಹಾಗೆ ಅರಳುವುದನ್ನು ನಾವು ವಿಡಿಯೋದಲ್ಲಿ ನೋಡಿ 'ಆಹಾ' ಅನ್ನುತ್ತೇವೆ. ಆ ನಿಲುವಂಗಿ ಅವರಿಗೆ ಕಫನ್ (ಹೆಣಕ್ಕೆ ಸುತ್ತುವ ಬಟ್ಟೆ), ತಲೆಯ ಮೇಲಿನ ಎತ್ತರದ ಟೊಪ್ಪಿ ಗೋರಿಕಲ್ಲು. ಬಲ ಅಂಗೈ ಮೇಲಕ್ಕೆ, ಎಡ ಅಂಗೈ ನೆಲಕ್ಕೆ. ಅದು ಕುಣಿತವೋ ಕಸರತ್ತೋ ಪ್ರಾರ್ಥನೆಯೋ? ಹಲಗೆ ಮೇಲೆ ನಿಂತವನಿಗೆ ಈ ಪ್ರಶ್ನೆಯೇ ಇರಲಿಕ್ಕಿಲ್ಲ. ಕಾಲ್ಬೆರಳು ಉರಿಯುತ್ತಿರುತ್ತದೆ.

ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತೇನೋ. ನಾಟಕಕ್ಕೂ ತಾಲೀಮು, ಕುಸ್ತಿಗೂ ತಾಲೀಮು. ಮೂಗು ಹಿಡಿದು ಕೂತವನದೂ ಸಾಧನೆ, ಸ್ವರ ತಿದ್ದುವವನದೂ ಸಾಧನೆ. ಇನ್ನು 'ಅನುಭವ'ದ ಭ ಅಕ್ಷರಕ್ಕೆ ಒಂದು ದೀರ್ಘ ಕೊಟ್ಟರೆ 'ಅನುಭಾವ'. ಇದು ವ್ಯಾಕರಣವಲ್ಲ, ನನ್ನ ತಲೆಹರಟೆ. ಆದರೂ ಆ ದೀರ್ಘದಲ್ಲೇ ಎಲ್ಲ ಇದೆ ಅನ್ನಿಸುತ್ತದೆ. ಒಂದು ಸಂಜೆ ಕಣ್ಣೀರು ಬಂದಿದ್ದು ಅನುಭವ, ಅದನ್ನು 1001 ದಿನ ಎಳೆಯಬೇಕು.

ಕಜುವೊ ಓನೊ ಎಂಬ ಜಪಾನಿ ನರ್ತಕ ನನಗೆ ಈ ಕಾರಣಕ್ಕೇ ಇಷ್ಟ. ಹುಟ್ಟಿದ್ದು 1906ರಲ್ಲಿ, ಹೊಟ್ಟೆಪಾಡಿಗೆ ಹೆಣ್ಣುಮಕ್ಕಳ ಶಾಲೆಯಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು, ನಂಬಿಕೆಯಿಂದ ಕ್ರೈಸ್ತ. ಸೈನ್ಯ ಎಳೆದುಕೊಂಡು ಹೋಯಿತು. ಚೀನಾ, ನ್ಯೂಗಿನಿ, ಆಮೇಲೆ ಸೆರೆ. ವಾಪಸ್ ಬಂದು ಮೊದಲ ಏಕವ್ಯಕ್ತಿ ನೃತ್ಯ ಪ್ರದರ್ಶನ ಕೊಟ್ಟಿದ್ದು 1949ರಲ್ಲಿ, ಬೇರೆ ನರ್ತಕರು ಗೆಜ್ಜೆ ಬಿಚ್ಚಿಡುವ ವಯಸ್ಸಿಗೆ. 1929ರಲ್ಲಿ ಒಬ್ಬ ಸ್ಪ್ಯಾನಿಷ್ ನರ್ತಕಿಯನ್ನು ವೇದಿಕೆಯ ಮೇಲೆ ನೋಡಿದ್ದರಂತೆ. ಅವಳ ನೆನಪಿಗೆ ಕುಣಿದಿದ್ದು 1977ರಲ್ಲಿ, 71ನೇ ವಯಸ್ಸಿನಲ್ಲಿ. ಮುಖಕ್ಕೆ ಬಿಳಿ ಬಣ್ಣ, ಹೆಣ್ಣಿನ ಉಡುಪು, ಮುದುಕನ ಮೈ. ಕಾಲಿನ ಶಕ್ತಿ ಹೋದ ಮೇಲೆ ಕುರ್ಚಿಯಲ್ಲಿ ಕೂತು ಕೈಗಳನ್ನಷ್ಟೇ ಕುಣಿಸಿದರು. 2010ರಲ್ಲಿ ತೀರಿಕೊಂಡಾಗ 103 ವರ್ಷ. ಮೇಷ್ಟ್ರ ಕಸರತ್ತು, ಸೈನಿಕ ಕಂಡ ಸಾವು, ಭಕ್ತನ ಪ್ರಾರ್ಥನೆ ಇವನ್ನೆಲ್ಲ ಆ ಬೆರಳುಗಳಲ್ಲಿ ಬೇರೆ ಬೇರೆ ಮಾಡಿ ತೋರಿಸಿ ನೋಡೋಣ.

ಇಷ್ಟು ಹೇಳಿದ ಕೂಡಲೇ ಯಾರಾದರೂ 'ಹೌದು, ಯುದ್ಧವಿಲ್ಲದಿದ್ದರೆ ಆ ಕಲೆ ಎಲ್ಲಿರುತ್ತಿತ್ತು' ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅದೇ ಯುದ್ಧದಿಂದ ಬಾರದೇ ಹೋದವರು ಎಷ್ಟು ಜನ? ಅವರ ಕುಣಿತ ಎಲ್ಲಿ? ನೋವು ಯಾರನ್ನೂ ಕಲಾವಿದರನ್ನಾಗಿ ಮಾಡಲಿಲ್ಲ. ಬಹಳ ಜನರನ್ನು ಅದು ಸುಮ್ಮನೆ ಮುರಿದು ಹಾಕುತ್ತದೆ, ಅವರಿಗೆ ಬೇಕಾಗಿದ್ದು ಡಾಕ್ಟರು ಮತ್ತು ನಿದ್ದೆ.

ಸಹಿಸಿಕೋ, ಒಳಗೆ ನೋಡು, ಎಲ್ಲ ಮಾಯೆ ಅನ್ನುವ ಪಾಠವೂ ಹಾಗೆಯೇ. ಅನುಭಾವಿ ಅಂದರೆ ತಲೆ ಬಗ್ಗಿಸಿ ಕೂತವನು ಅಂದುಕೊಂಡವರು ಸ್ಪೇನಿನ ಸಂತ, ಶಿಲುಬೆಯ ಯೋಹಾನನನ್ನು ನೋಡಬೇಕು. ಮಠಗಳನ್ನು ಸುಧಾರಿಸಲು ಹೊರಟಿದ್ದಕ್ಕೆ 1577ರ ಡಿಸೆಂಬರಿನಲ್ಲಿ ಸ್ವಂತ ಪಂಥದ ಸನ್ಯಾಸಿಗಳೇ ಅವನನ್ನು ಟೊಲೆಡೊದ ಒಂದು ಗೂಡಿನಂಥ ಕೋಣೆಗೆ ತಳ್ಳಿದರು. ಸರಿಯಾಗಿ ಬೆಳಕಿಲ್ಲ, ಚಾಟಿಯೇಟು ಬೇರೆ. ಆ ಕತ್ತಲಲ್ಲಿ ಅವನು ಕಟ್ಟಿದ ಪ್ರೇಮದ ಪದ್ಯಗಳು ಇವತ್ತಿಗೂ ಸ್ಪ್ಯಾನಿಷ್ ಕಾವ್ಯದ ಶಿಖರ. ದೇವರನ್ನು ನಲ್ಲ ಅಂತ ಕರೆಯುವ ಪದ್ಯಗಳು ಅವು. ಅಕ್ಕನನ್ನು ಓದಿದ ನಮಗೆ ಅದೇನೂ ಹೊಸದಲ್ಲ. ಆದರೆ ಅದೇ ಮನುಷ್ಯ ಬಾಗಿಲ ಬೀಗವನ್ನು ಸದ್ದಾಗದ ಹಾಗೆ ಸಡಿಲಿಸಿಟ್ಟು, ಹೊದಿಕೆ ಹರಿದು ಪಟ್ಟಿಗಳನ್ನು ಗಂಟು ಹಾಕಿ, 1578ರ ಆಗಸ್ಟಿನ ಒಂದು ರಾತ್ರಿ ಇಳಿದು ಪರಾರಿಯಾದ. ಸುಮಾರು ಒಂಬತ್ತು ತಿಂಗಳ ಸೆರೆ. ಪದ್ಯ ಕಟ್ಟಿದ್ದೂ ಬೀಗ ಸಡಿಲಿಸಿದ್ದೂ ಒಂದೇ ಕೈ. ನಮ್ಮ ಪ್ರವಚನಕಾರರು ಈ ಬೀಗದ ಭಾಗವನ್ನು ಯಾಕೋ ಬಿಟ್ಟುಬಿಡುತ್ತಾರೆ.

ನನ್ನದು ಇಷ್ಟು ದೊಡ್ಡ ಕಥೆಯಲ್ಲ. ಗೋಡೆಯ ಮುಂದೆ ದಿನಕ್ಕೆ ಹತ್ತು ನಿಮಿಷ, ಅಷ್ಟೇ. ಅಪ್ಪನ ಬಗ್ಗೆ ಯೋಚಿಸಬಾರದು ಅಂತಲೂ ಇರಲಿಲ್ಲ, ಯೋಚಿಸಬೇಕು ಅಂತಲೂ ಇರಲಿಲ್ಲ. ಬೆರಳು ಏರುತ್ತಾ ನೋವು ಶುರುವಾಗುವ ಜಾಗ ಬಂದಾಗ ಉಸಿರು ತಾನಾಗಿ ನಿಲ್ಲುತ್ತಿತ್ತು. ಅದನ್ನು ಬಿಡಬೇಕು ಅಂತ ಕಲಿಯುವುದಕ್ಕೇ ಎರಡು ತಿಂಗಳು ಬೇಕಾಯಿತು. ಒಮ್ಮೆ ಉಸಿರು ಬಿಟ್ಟೆ, ಬೆರಳು ಅರ್ಧ ಇಂಚು ಮೇಲೆ ಹೋಯಿತು, ಜೊತೆಗೇ ಜೋರಾಗಿ ಅಳು ಬಂತು. ಭುಜದ ನೋವಿಗೋ ಅಪ್ಪನಿಗೋ ಗೊತ್ತಿಲ್ಲ. ಅಳುತ್ತಲೇ ಗೀಟು ಎಳೆದೆ. ಆ ಗೀಟು ಮಾತ್ರ ಸೊಟ್ಟಗಿದೆ.

ಮಾರನೆ ದಿನ ಕೈ ಅದಕ್ಕಿಂತ ಕೆಳಗೇ ನಿಂತಿತು. ಒಂದು ವಾರ ಅಲ್ಲೇ ಒದ್ದಾಡಿತು. ಆ ವಾರದ ಗೀಟುಗಳು ಒಂದರ ಮೇಲೊಂದು ಬಿದ್ದು ಅಲ್ಲೊಂದು ಕಪ್ಪು ಮಚ್ಚೆಯಾಗಿದೆ. ಭುಜ ಬಿಟ್ಟುಕೊಳ್ಳಲು ಒಂದೂವರೆ ವರ್ಷ ಹಿಡಿಯಿತು. ಈಗ ತಲೆ ಬಾಚಿಕೊಳ್ಳುತ್ತೇನೆ, ಆ ಮಗ್ಗುಲಿಗೆ ಮಲಗುತ್ತೇನೆ. ಎಡಗೈ ಮುಟ್ಟುವ ಜಾಗಕ್ಕೂ ಬಲಗೈಯ ಕೊನೆಯ ಗೀಟಿಗೂ ಇನ್ನೂ ನಾಲ್ಕು ಬೆರಳು ಅಂತರ ಇದೆ.