ಅಕ್ಕಿ ಖರೀದಿ ಮತ್ತು ಡಬ್ಲ್ಯುಟಿಒ: 1986–88ರ ಬೆಲೆ ಬದಲಾಗಬೇಕೆ?

ಪರ

ರೈತರಿಗೆ ಸರ್ಕಾರ ಕೊಡುವ ಸಬ್ಸಿಡಿಯನ್ನು ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) ಲೆಕ್ಕ ಹಾಕುವ ಸೂತ್ರ ಸರಳ. ಸರ್ಕಾರ ಘೋಷಿಸಿದ ಬೆಲೆಯಲ್ಲಿ ಉಲ್ಲೇಖ ಬೆಲೆಯನ್ನು (ಹೋಲಿಕೆಗೆ ನಿಗದಿಪಡಿಸಿದ ಅಂತರರಾಷ್ಟ್ರೀಯ ಬೆಲೆ) ಕಳೆದು, ಉಳಿದದ್ದನ್ನು ಅರ್ಹ ಉತ್ಪಾದನೆಯಿಂದ, ಅಂದರೆ ಘೋಷಿತ ಬೆಲೆ ಪಡೆಯಲು ಅರ್ಹವಾದ ಬೆಳೆಯ ಪ್ರಮಾಣದಿಂದ, ಗುಣಿಸಬೇಕು. ಭಾರತಕ್ಕೆ ಅದು ಬೆಳೆಯ ಒಟ್ಟು ಮೌಲ್ಯದ ಶೇ 10 ಮೀರುವಂತಿಲ್ಲ. ಎಡವಟ್ಟಿರುವುದು ಉಲ್ಲೇಖ ಬೆಲೆಯಲ್ಲಿ: ಅದು 1986–88ರ ಸರಾಸರಿಯಲ್ಲೇ ನಿಂತುಬಿಟ್ಟಿದೆ. ಭಾರತದ ಅಕ್ಕಿಗೆ ಟನ್ನಿಗೆ ಸುಮಾರು 262 ಡಾಲರ್.

2024–25ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,300 ರೂಪಾಯಿ. ಒಂದು ಕ್ವಿಂಟಲ್ ಭತ್ತಕ್ಕೆ 67 ಕಿಲೊ ಅಕ್ಕಿ ಹಿಡಿದರೆ ಟನ್ ಅಕ್ಕಿಗೆ 34,300 ರೂಪಾಯಿ, ಹೆಚ್ಚುಕಡಿಮೆ 410 ಡಾಲರ್. 2024ರ ಬಹುಪಾಲು ಥಾಯ್ ಅಕ್ಕಿ 500 ಡಾಲರಿಗಿಂತ ದುಬಾರಿಯಿತ್ತು. ಜಾಗತಿಕ ಪೇಟೆಗಿಂತ ಕಡಿಮೆ ಕೊಟ್ಟರೂ ಕಾಗದದ ಮೇಲೆ ಟನ್ನಿಗೆ 148 ಡಾಲರ್ ‘ಸಬ್ಸಿಡಿ’! ಇದೇ ಸೂತ್ರದಲ್ಲಿ 2018–19ರ ಅಕ್ಕಿ ಸಬ್ಸಿಡಿ ಮಿತಿ ದಾಟಿ, ಭಾರತ 2013ರ ಡಬ್ಲ್ಯುಟಿಒ ಬಾಲಿ ಸಭೆಯ ‘ಪೀಸ್ ಕ್ಲಾಜ್’ (ಮಿತಿ ದಾಟಿದರೂ ವ್ಯಾಜ್ಯ ಹೂಡದಂತೆ ತಡೆಯುವ ಷರತ್ತು) ಮೊರೆಹೋಯಿತು. ಆ ಆಸರೆಯೂ ಅರೆಬರೆ. ಬಾಲಿ ನಿರ್ಧಾರಕ್ಕೆ ಮುಂಚೆ ಜಾರಿಯಲ್ಲಿದ್ದ ಯೋಜನೆಗಳಿಗಷ್ಟೇ ಅನ್ವಯ.

ವಿಪರೀತ ಹಣದುಬ್ಬರವನ್ನು ಗಮನಿಸಿ ಎನ್ನುತ್ತದೆ ಡಬ್ಲ್ಯುಟಿಒ ಕೃಷಿ ಒಪ್ಪಂದದ 18.4ನೇ ವಿಧಿ, ಹೇಗೆಂದು ಹೇಳುವುದಿಲ್ಲ. ಉಲ್ಲೇಖ ಬೆಲೆಗೆ ಇತ್ತೀಚಿನ ಐದು ವರ್ಷದ ಬೆಲೆಗಳಲ್ಲಿ ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ಬಿಟ್ಟು ಮೂರರ ಸರಾಸರಿ ಹಿಡಿದರೆ ಸಾಕು.

ವಿರೋಧ

ಹಳೆಯ ಬೆಲೆ ಅಸಂಗತ, ಒಪ್ಪೋಣ. ಆದರೆ ದುಬಾರಿ ವರ್ಷಗಳ ಸರಾಸರಿ ಹಿಡಿದು ಬೆಂಬಲ ಬೆಲೆ ಏರಿಸಿದ ಮೇಲೆ, ಪೇಟೆ ಕುಸಿದಾಗ ಇಳಿಸುವವರು ಯಾರು? 2025ರ ಅಕ್ಟೋಬರಿನಲ್ಲಿ ಥಾಯ್ ಅಕ್ಕಿ 400 ಡಾಲರಿಗಿಂತ ಕೆಳಗಿತ್ತು. ಅದೇ ಹೊತ್ತಿಗೆ ನಮ್ಮ ಭತ್ತದ ಬೆಂಬಲ ಬೆಲೆ 2,369 ರೂಪಾಯಿಗೆ ಏರಿತ್ತು.

ಅಸಲಿ ಜಗಳ ‘ಅರ್ಹ ಉತ್ಪಾದನೆ’ಯದು. ಭಾರತ ತಾನು ಕೊಂಡಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಖರೀದಿಗೆ ಮೊದಲೇ ಮಿತಿ ಘೋಷಿಸದಿದ್ದರೆ ಇಡೀ ಬೆಳೆಯೇ ಅರ್ಹ ಎನ್ನುತ್ತದೆ ಅಮೆರಿಕ. ಹಾಗೆ ಲೆಕ್ಕ ಹಾಕಿದರೆ ಮೊತ್ತ ಎಷ್ಟೋ ಪಟ್ಟು ಹಿಗ್ಗುತ್ತದೆ. ಕೊರಿಯಾದ ದನದ ಮಾಂಸದ ವ್ಯಾಜ್ಯದಲ್ಲಿ (2000) ಡಬ್ಲ್ಯುಟಿಒದ ಮೇಲ್ಮನವಿ ಮಂಡಳಿಯೂ, ಅರ್ಹವಾದದ್ದು ಬೇರೆ, ಕೊಂಡದ್ದು ಬೇರೆ ಎಂದಿತ್ತು. ಇದನ್ನು ಬಗೆಹರಿಸದೆ ಬೆಲೆಯೊಂದನ್ನೇ ತಿದ್ದಿದರೆ ವ್ಯಾಜ್ಯ ಉಳಿದೇ ಉಳಿಯುತ್ತದೆ.

ಜಗತ್ತಿನ ಅಕ್ಕಿ ರಫ್ತಿನಲ್ಲಿ ಸುಮಾರು ಶೇ 40 ಭಾರತದ್ದು. ಸರ್ಕಾರಿ ದಾಸ್ತಾನು ಹಡಗು ಹತ್ತುವುದಿಲ್ಲ ಎಂಬ ಸಮಜಾಯಿಷಿ ಥಾಯ್ ರೈತನಿಗೆ ಸಾಲದು. ಪಂಜಾಬಿನ ಭತ್ತ ಪಡಿತರಕ್ಕೆ ಹೋದಷ್ಟೂ ಬೇರೆಡೆಯ ಅಕ್ಕಿ ಬಂದರಿಗೆ ಬಿಡುವಾಗುತ್ತದೆ. ರೈತನಿಗೆ ನೆರವಾಗಲು ಉಲ್ಲೇಖ ಬೆಲೆ ತಿದ್ದಲೇಬೇಕಿಲ್ಲ: ಬೆಳೆಗೂ ಬೆಲೆಗೂ ತಳುಕು ಹಾಕದ ನೇರ ಹಣಕ್ಕೆ ಈಗಿನ ನಿಯಮದಲ್ಲೇ ಮಿತಿಯಿಲ್ಲ. ಪೇಟೆ ದರಕ್ಕೆ ಕೊಂಡು ದಾಸ್ತಾನಿಟ್ಟರೆ ಅದು ಸಬ್ಸಿಡಿ ಲೆಕ್ಕಕ್ಕೇ ಬರುವುದಿಲ್ಲ.