ತೇಲದ ಹಡಗಿನಲ್ಲಿ ಮಗಳು

ಗದಗಿನವರಿಗೂ ನೌಕಾಪಡೆಗೂ ಇರುವ ಒಂದೇ ನಂಟು ವರುಣ. ನೌಕಾಪಡೆಯ ಲಾಂಛನದಲ್ಲಿ ‘ಶಂ ನೋ ವರುಣಃ’ ಎಂದಿದೆ. ವರುಣ ದೇವರೇ, ನಮ್ಮ ಮೇಲೆ ದಯೆ ಇರಲಿ ಅಂತ. ನಾವೂ ಕೇಳುವುದು ಅದನ್ನೇ. ಮಳೆ ಕೈಕೊಟ್ಟ ವರ್ಷ ಕಪ್ಪೆಗೆ ಮದುವೆ ಮಾಡುತ್ತೇವೆ, ಗುರ್ಜಿ ಹೊತ್ತು ಓಣಿ ಓಣಿ ತಿರುಗುತ್ತೇವೆ. ಉಳಿದಂತೆ ನಮಗೆ ಗೊತ್ತಿರುವ ದೊಡ್ಡ ನೀರು ಎಂದರೆ ಭೀಷ್ಮ ಕೆರೆ. ಸಮುದ್ರ ನೋಡಬೇಕಾದರೆ ಹುಬ್ಬಳ್ಳಿ ದಾಟಿ ಘಟ್ಟ ಇಳಿಯಬೇಕು. ಇಂಥ ಊರಿನಿಂದ ನಮ್ಮ ಮಗಳು ಅಗ್ನಿವೀರ್ ಆಗಲು, ಅಂದರೆ ನಾಲ್ಕು ವರ್ಷದ ಸೇವೆಗೆ, ನೌಕಾಪಡೆಗೆ ಅರ್ಜಿ ಹಾಕಿದಳು.

"ಈಜು ಬರತೈತೇನು ಅಕಿಗೆ?" ಎಂದು ನಮ್ಮವ್ವ ಕೇಳಿದಳು. ಬರುತ್ತಿರಲಿಲ್ಲ. ಅಲ್ಲೇ ಕಲಿಸುತ್ತಾರೆ ಎಂದೆ. "ಹಡಗಿನ್ಯಾಗಿಂದ ದೂಡಿ ಕಲಸ್ತಾರ?" ಎಂದಳು. ನನ್ನ ಹೆಂಡತಿ ಅವತ್ತು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು.

ಆದರೆ ಈಜಿಗಿಂತ ಮೊದಲು ಓಟ. ಹುಡುಗಿಯರು 1.6 ಕಿಲೋಮೀಟರನ್ನು 8 ನಿಮಿಷದಲ್ಲಿ ಓಡಬೇಕು. ಬೆಳಗಿನ ಜಾವ ಅವಳು ಮುಂದೆ, ನಾನು ಹಿಂದೆ ಸ್ಕೂಟರ್ ಮೇಲೆ, ಕೈಯಲ್ಲಿ ಮೊಬೈಲ್ ಹಿಡಿದು. ಟೈಮ್ ಮಾತ್ರ ಒಂಬತ್ತರಿಂದ ಕೆಳಗೆ ಇಳಿಯಲೊಲ್ಲದು. ಒಂದು ದಿನ ಬೈಪಾಸ್ ಹತ್ತಿರ ಕೆಂದ ನಾಯಿಯೊಂದು ಬೆನ್ನು ಹತ್ತಿತು. ಏಳೂವರೆಗೆ ಮುಗಿಸಿಬಿಟ್ಟಳು! ಖುಷಿಯಾಗಿ ಆ ನಾಯಿಗೆ ಒಂದು ಪಾರ್ಲೆ-ಜಿ ಪ್ಯಾಕೆಟ್ ಹಾಕಿದೆ. ಮರುದಿನದಿಂದ ಅದು ಬಾಲ ಅಲ್ಲಾಡಿಸುತ್ತ ನನ್ನ ಸ್ಕೂಟರ್ ಪಕ್ಕವೇ ಬರತೊಡಗಿತು. ಟೈಮ್ ಮತ್ತೆ ಒಂಬತ್ತಕ್ಕೆ ಹೋಯಿತು. "ಅಪ್ಪಾ, ನೀವು ಮನ್ಯಾಗ ಇರ್ರಿ" ಎಂದು ಮಗಳು ಕೈಮುಗಿದಳು. ನಾನು ಮನೆಯಲ್ಲಿದ್ದೆ, ಅವಳು ಪಾಸಾದಳು.

ಟ್ರೇನಿಂಗ್ ಐಎನ್‌ಎಸ್ ಚಿಲ್ಕಾದಲ್ಲಿ, 16 ವಾರ. ಒಡಿಶಾದ ಚಿಲಿಕಾ ಸರೋವರದ ದಂಡೆಯಲ್ಲಿದೆ. ಇಲ್ಲಿಂದಲೇ 2023ರ ಮಾರ್ಚ್‌ನಲ್ಲಿ ಅಗ್ನಿವೀರರ ಮೊದಲ ತಂಡ ಹೊರಬಂದಿದ್ದು. ಅದರಲ್ಲಿ ಸುಮಾರು 270 ಹುಡುಗಿಯರಿದ್ದರು. ಅಧಿಕಾರಿ ಅಲ್ಲದ ಹುದ್ದೆಗಳಿಗೆ ನೌಕಾಪಡೆ ಹೆಣ್ಣುಮಕ್ಕಳನ್ನು ತೆಗೆದುಕೊಂಡಿದ್ದು ಅದೇ ಮೊದಲು. ಇದನ್ನೆಲ್ಲ ಹೇಳಿ ಅವ್ವನಿಗೆ ಧೈರ್ಯ ತುಂಬಿದೆ. ಅವಳ ಕಿವಿಗೆ ಬಿದ್ದಿದ್ದು ‘ಐಎನ್‌ಎಸ್’ ಒಂದೇ. ಟಿವಿಯಲ್ಲಿ ಕೇಳಿದ್ದಳು, ಅದು ಹಡಗಿನ ಹೆಸರು ಅಂತ. ಸಂಜೆಯೊಳಗೆ ಇಡೀ ಓಣಿಗೆ ಸುದ್ದಿ: ಮೊಮ್ಮಗಳು ಹಡಗು ಹತ್ತುತ್ತಾಳೆ. ಹಡಗು ಹೊಯ್ದಾಡಿದರೆ ವಾಂತಿ ಬರುತ್ತದೆಂದು ಒಣಶುಂಠಿ, ಲಿಂಬೆ ಉಪ್ಪಿನಕಾಯಿ, ಇಂಗು ಎಲ್ಲ ಬ್ಯಾಗು ಸೇರಿದವು. ಒಂದು ಪ್ಯಾಂಟು ಹೊರಗುಳಿಯಿತು.

ಮೊದಲ ರವಿವಾರ ಫೋನ್ ಬಂತು. ಮೊಬೈಲನ್ನು ವಾರಕ್ಕೊಮ್ಮೆ, ಸ್ವಲ್ಪ ಹೊತ್ತು ಕೈಗೆ ಕೊಡುತ್ತಿದ್ದರಂತೆ. ಸ್ಪೀಕರ್ ಹಾಕಿದೆ.

"ಹಡಗ ಭಾಳ ತೂಗತೈತೇನ ನನ ಕೂಸs?" ಎಂದಳು ಅವ್ವ.

"ಅಜ್ಜಿ, ಇದು ಹಡಗಲ್ಲ. ನೆಲದ ಮ್ಯಾಲ ಐತಿ. ಬಿಲ್ಡಿಂಗು, ಗ್ರೌಂಡು, ಗಿಡ ಎಲ್ಲಾ ಅದಾವು."

ನೌಕಾಪಡೆಯ ಪದ್ಧತಿಯೇ ಹಾಗಂತೆ. ದಂಡೆಯ ಮೇಲಿನ ಠಾಣೆಗೂ ಹಡಗಿನಂತೆಯೇ ಹೆಸರು ಇಡುತ್ತಾರೆ. ನೆಲಕ್ಕೆ ಡೆಕ್ ಎನ್ನಬೇಕು, ಅಡುಗೆಮನೆಗೆ ಗ್ಯಾಲಿ. ಗೇಟು ದಾಟಿ ಪೇಟೆಗೆ ಹೋದರೆ ದಡಕ್ಕೆ ಹೋದ ಲೆಕ್ಕ. ಅವ್ವ ಎಲ್ಲವನ್ನೂ ಕೇಳಿಸಿಕೊಂಡು, ಫೋನ್ ಇಟ್ಟ ಮೇಲೆ ನನಗೆ ತಾಕೀತು ಮಾಡಿದಳು: "ಇದನ್ನ ಓಣ್ಯಾಗ ಯಾರ ಮುಂದನೂ ಬಾಯಿ ಬಿಡಬ್ಯಾಡ."

ಆ ರವಿವಾರದ ಫೋನಿನದೇ ಒಂದು ದೊಡ್ಡ ಕಥೆ. ಅವ್ವ "ಉಂಡೇನವಾ?" ಎನ್ನುತ್ತಾಳೆ. ನನ್ನ ಹೆಂಡತಿ "ಏನ್ ಉಂಡಿ?" ನನ್ನ ತಂಗಿ "ಎಷ್ಟ ಉಂಡಿ?" ಅಷ್ಟರಲ್ಲಿ ಟೈಮ್ ಮುಗಿದಿರುತ್ತದೆ. ನಾಲ್ಕು ಗೋಡೆಯೊಳಗೆ ಅವಳನ್ನು ಹೇಗೆ ನೋಡಿಕೊಳ್ಳುತ್ತಿದ್ದಾರೆ, ಕಾಲು ನೋವು ಇದೆಯಾ, ರಾತ್ರಿ ಅಳುತ್ತಾಳಾ, ಒಂದೂ ತಿಳಿಯುತ್ತಿರಲಿಲ್ಲ. ಕೊನೆಗೆ ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದು, ಯಾರು ಯಾವುದನ್ನು ಕೇಳಬೇಕೆಂದು ಹಂಚಿದೆ. ಮನೆಮಂದಿ ಬೆಳಿಗ್ಗೆಯೇ ಸ್ನಾನ ಮಾಡಿ ಫೋನಿನ ಸುತ್ತ ಕೂತರು. ಗಂಟೆ ಬಾರಿಸಿತು. ಎಲ್ಲರೂ ಒಟ್ಟಿಗೆ "ಉಂಡಿಯಾ?" ಎಂದರು. ಪಕ್ಕದ ಮನೆಯವರು ಅದೇ ಹೊತ್ತಿಗೆ ಒಳಗೆ ಬಂದು, ಅಗ್ನಿವೀರರಿಗೆ ಪಗಾರ ಎಷ್ಟು ಎಂದು ಅವಳನ್ನೇ ಕೇಳಿದರು. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ 9,000 ಸೇವೆ ಮುಗಿದಾಗ ಸಿಗುವ ನಿಧಿಗೆ ಹೋಗುತ್ತದೆ ಎಂದು ಅವಳು ಲೆಕ್ಕ ಕೊಡುತ್ತ ಕೂತಳು. ನನ್ನ ಪಾಳಿ ಬಂದಾಗ ಉಳಿದಿದ್ದು ಅರ್ಧ ನಿಮಿಷ. "ಆರಾಮ ಅದಿ ಏನವಾ?" ಎಂದೆ. "ಯೆಸ್ ಸರ್!" ಎಂದಳು. ಲೈನ್ ಕಟ್ಟಾಯಿತು. ಇಪ್ಪತ್ತು ವರ್ಷ ಸಾಕಿದ್ದಕ್ಕೆ ಸಿಕ್ಕ ಮೊದಲ ಮರ್ಯಾದೆ ಅದು.

ಈಜಿನ ಸುದ್ದಿ ಮಾತ್ರ ಚೆನ್ನಾಗಿರಲಿಲ್ಲ. ಬಾರದವರಿಗೆ ಬೇರೆ ಕ್ಲಾಸು, ಅದರಲ್ಲೂ ಇವಳು ಹಿಂದೆ. ಅವಳ ಸೋದರಮಾವ ಯೂಟ್ಯೂಬ್ ನೋಡಿ ಫೋನಿನಲ್ಲೇ ಕೈಬೀಸುವುದನ್ನು ಹೇಳಿಕೊಟ್ಟ. ಅವನಿಗೂ ಈಜು ಬರುವುದಿಲ್ಲ. ಕೊನೆಗೆ ನನ್ನ ಹೆಂಡತಿ, ಹೇಗೂ ಅವರ ಇಲಾಖೆಯ ದೇವರು ಅಲ್ವಾ ಅಂತ, ವರುಣನಿಗೇ ಹರಕೆ ಹೊತ್ತಳು. ಅದೇ ವಾರ ಮಗಳು ಈಜಿನಲ್ಲಿ ಪಾಸಾದಳು. ಅದೇ ವಾರ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು, ಇಲ್ಲಿ ಅಕಾಲದ ಮಳೆ ಸುರಿದು, ಅಂಗಳದಲ್ಲಿ ಒಣಹಾಕಿದ್ದ ಬ್ಯಾಡಗಿ ಮೆಣಸಿನಕಾಯಿಯೂ ಈಜಿತು. ದೇವರಿಗೆ ಅರ್ಜಿ ಹಾಕುವಾಗ ವಿಳಾಸ ಸರಿಯಾಗಿ ಬರೆಯಬೇಕಿತ್ತು ಎಂದೆ. ಎರಡು ದಿನ ನನಗೆ ಚಹಾ ಸಿಗಲಿಲ್ಲ.

ಪಾಸಿಂಗ್ ಔಟ್ ಪರೇಡಿಗೆ ಅಮರಾವತಿ ಎಕ್ಸ್‌ಪ್ರೆಸ್‌ನಲ್ಲಿ ಹೊರಟೆವು. ಗದಗಿನಲ್ಲಿ ಹತ್ತಿ ಬಳ್ಳಾರಿ, ಗುಂತಕಲ್, ವಿಜಯವಾಡ, ವಿಶಾಖಪಟ್ಟಣ ದಾಟಿ ಒಡಿಶಾ. ನಮ್ಮ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ಚಿಲಿಕಾಕ್ಕೂ ಬರುತ್ತದೆ. ಹಿಮಾಲಯ ದಾಟಿ ಬರುವ ಆ ಹಕ್ಕಿಗೆ ವೇಟಿಂಗ್ ಲಿಸ್ಟ್ ಇಲ್ಲ. ನಮಗಿತ್ತು.

ಗೇಟಿನಲ್ಲಿ ಬ್ಯಾಗು ತಪಾಸಣೆ. ಜವಾನ ಅವ್ವನನ್ನು ವಿನಯದಿಂದಲೇ ಕೇಳಿದ: "ಮಾತಾಜಿ, ಹಿಂದಿ?"

ಅವ್ವನ ಮುಖ ಅರಳಿತು. ಇಷ್ಟು ದೂರ ಬಂದರೂ ಹಿಂಡಿ, ಅಂದರೆ ನಮ್ಮ ಕಡೆಯ ಚಟ್ನಿಪುಡಿ, ಕೇಳುವವರು ಇದ್ದಾರಲ್ಲ! "ಐತಪಾ ತಮ್ಮಾ, ಎರಡ ನಮೂನಿ ಐತಿ. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ" ಎನ್ನುತ್ತ ಚೀಲದಿಂದ ಕರಿ ಪುಡಿಯ ದೊಡ್ಡ ಪೊಟ್ಟಣ ತೆಗೆದಳು. ಮಿಲಿಟರಿ ಗೇಟಿನಲ್ಲಿ ಕರಿ ಪುಡಿ. ಜವಾನ ಎರಡು ಹೆಜ್ಜೆ ಹಿಂದೆ ಸರಿದ. ನಾನು ಇದ್ದಬದ್ದ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ "ಬಾರೂದ್ ನಹೀ ಹೈ, ಬಾರೂದ್ ನಹೀ!" ಎಂದೆ. ಅಲ್ಲಿಯವರೆಗೆ ಸಿಡಿಮದ್ದು ಎಂಬ ಆ ಶಬ್ದ ಯಾರ ಬಾಯಲ್ಲೂ ಬಂದಿರಲಿಲ್ಲ. ಇನ್ನಿಬ್ಬರು ಬಂದರು. ಅವ್ವ ಯಾರನ್ನೂ ಲೆಕ್ಕಿಸದೆ ಪೊಟ್ಟಣ ಬಿಚ್ಚಿ, ಒಂದು ಚಿಟಿಕೆ ತಾನು ಬಾಯಿಗೆ ಹಾಕಿಕೊಂಡು, ಕಟಕ ರೊಟ್ಟಿಯ ಚೂರಿನ ಮೇಲೆ ಇನ್ನಷ್ಟು ಉದುರಿಸಿ ಆ ಹುಡುಗನ ಮುಂದೆ ಹಿಡಿದಳು. ಅವನು ಡ್ಯೂಟಿಯಲ್ಲಿದ್ದೇನೆ ಎಂದು ನಗುತ್ತ ತಲೆ ಅಲ್ಲಾಡಿಸಿದ. "ಉಣ್ಣಾಕೂ ಪರ್ಮಿಷನ್ ಬೇಕೇನು?" ಎಂದು ಅವ್ವ ಬೇಸರ ಮಾಡಿಕೊಂಡಳು.

ಪರೇಡು ಸೂರ್ಯ ಮುಳುಗಿದ ಮೇಲೆ. ಸಾಮಾನ್ಯವಾಗಿ ಇಂಥವು ಬೆಳಿಗ್ಗೆ ನಡೆಯುತ್ತವೆ, ಇಲ್ಲಿ ಹೀಗೆ. ಲೈಟಿನ ಬೆಳಕಿನಲ್ಲಿ ಸಾವಿರಾರು ಬಿಳಿ ಯೂನಿಫಾರಂಗಳು ಒಂದೇ ಸಮ ಕೈಬೀಸಿ ಬಂದಾಗ ನನ್ನ ಹೆಂಡತಿ ಅತ್ತಳು. ನಾನೂ. ಸೋದರಮಾವ ಮಾತ್ರ ಜೂಮ್ ಮಾಡಿ ಮಗಳ ವಿಡಿಯೋ ಹಿಡಿದು, ಅಲ್ಲಿಂದಲೇ ಫ್ಯಾಮಿಲಿ ಗ್ರೂಪಿಗೆ ಕಳಿಸಿದ. "ಅದೇ ಮೂಗು, ಥೇಟ್ ಅಜ್ಜಿ" ಎಂದು ಧಾರವಾಡದ ದೊಡ್ಡಮ್ಮ ಬರೆದರು. ಪರೇಡು ಮುಗಿದು ಮಗಳು ನಮ್ಮ ಕಡೆ ಓಡಿಬಂದಳು, ಎದುರಿನ ದಿಕ್ಕಿನಿಂದ. ವಿಡಿಯೋದ ಹುಡುಗಿ ಅವಳ ಗೆಳತಿ, ರಾಜಸ್ಥಾನದವಳು. ಅವರಪ್ಪನ ಮೊಬೈಲಿನಲ್ಲಿ ಯಾರಿದ್ದಾರೆಂದು ನೋಡಿದೆವು. ಅಲ್ಲಿ ಕೇರಳದ ಹುಡುಗಿ ಇದ್ದಳು.

ರಜೆಗೆ ಬಂದವಳು ಬೆಳಿಗ್ಗೆ ಐದಕ್ಕೇ ದೀಪ ಹಾಕಿದಳು. ನನ್ನ ಚಾದರ ಮಡಿಸಿದ ರೀತಿ ಸರಿ ಇಲ್ಲ ಎಂದು ಬಿಚ್ಚಿಸಿ ಮತ್ತೆ ಮಡಿಸಿಸಿದಳು. ಅಡುಗೆಮನೆ ಗ್ಯಾಲಿ ಆಯಿತು. ನಾನು ಕಾಯಿಪಲ್ಲೆ ತರಲು ಹೊರಟರೆ ದಡಕ್ಕೆ ಹೋಗುವುದು ಎಷ್ಟು ಹೊತ್ತಿಗೆ, ವಾಪಸ್ ಎಷ್ಟು ಹೊತ್ತಿಗೆ ಎಂದು ಕೇಳತೊಡಗಿದಳು. ಎಲ್ಲರೂ ಸುಮ್ನೆ ಹೇಳಿದ ಹಾಗೆ ಕೇಳಿದೆವು. ಆಮೇಲೆ ಅವ್ವನ ಕೋಣೆಗೆ ಹೋಗಿ ಹೊದಿಕೆ ಎಳೆದಳು.

ಅವ್ವ ಕಣ್ಣು ತೆರೆಯಲಿಲ್ಲ. "ನಿಂದು ನಾಕ ವರ್ಷದ ನೌಕ್ರಿ" ಎಂದಳು. "ಅದಾದ ಮ್ಯಾಲ ನೂರಕ್ಕ ಇಪ್ಪತ್ತೈದ ಮಂದಿನ್ನ ಇಟಗೊಂಡರ ಇಟಗೊಂಡರು. ನಂದು ಈ ಮನ್ಯಾಗ ಪರ್ಮನೆಂಟ್. ಯಾರು ಯಾರಿಗೆ ಸೆಲ್ಯೂಟ್ ಹೊಡಿಬೇಕು ನೋಡು, ಮತ್ತ ಆ ದೀಪಾ ಆರಿಸು."