ಸಿಟಿ ಅವೆನ್ಯೂ ದಾಟಿದರೆ ಮೇಷ್ಟ್ರ ಸಂಬಳ ಬೇರೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾ ನಗರದ ಪಶ್ಚಿಮ ಅಂಚಿನಲ್ಲಿ ಸಿಟಿ ಅವೆನ್ಯೂ ಅಂತ ಒಂದು ದೊಡ್ಡ ರಸ್ತೆ. ಈ ಕಡೆ ವಿನ್‌ಫೀಲ್ಡ್, ಓವರ್‌ಬ್ರೂಕ್. ಬಹುಪಾಲು ಕಪ್ಪು ಜನ ಇರುವ ಬಡಾವಣೆಗಳು. ಆ ಕಡೆ ಲೋವರ್ ಮೆರಿಯನ್. ಅಲ್ಲಿ ಬಿಳಿಯರು ಜಾಸ್ತಿ, ದುಡ್ಡೂ ಜಾಸ್ತಿ. ಎರಡೂ ಕಡೆ ಇರುವುದು ಸರ್ಕಾರಿ ಶಾಲೆಗಳೇ. ಆದರೆ ಮೇಷ್ಟ್ರ ಸಂಬಳ, ಕಟ್ಟಡ, ಲೈಬ್ರರಿ ಎಲ್ಲ ಬೇರೆ. ನಗರದ ಶಾಲೆಯಲ್ಲಿ ನಾಲ್ಕು ವರ್ಷ ಪಾಠ ಮಾಡಿ ಕೈ ಪಳಗಿದ ಶಿಕ್ಷಕಿ ರಸ್ತೆ ದಾಟಿ ಕೆಲಸ ಹಿಡಿದರೆ ಯಾರು ತಾನೇ ತಪ್ಪು ಹುಡುಕಲಾದೀತು?

ಕರ್ನಾಟಕದಲ್ಲಿ ಬೆಳೆದವರಿಗೆ ಇದು ಮೊದಲು ಅರ್ಥವಾಗುವುದಿಲ್ಲ. ನಮ್ಮಲ್ಲಿ ಯಾದಗಿರಿಯ ಪ್ರಾಥಮಿಕ ಶಾಲೆ ಮೇಷ್ಟ್ರಿಗೂ ಮೈಸೂರಿನವರಿಗೂ ವೇತನ ಶ್ರೇಣಿ ಒಂದೇ. ಸಂಬಳ ಬರುವುದು ರಾಜ್ಯದ ಖಜಾನೆಯಿಂದ. ಇಲ್ಲಿ ಹಾಗಲ್ಲ. ಶಾಲೆಯ ದುಡ್ಡಿನಲ್ಲಿ ದೊಡ್ಡ ಪಾಲು ಆ ಊರಿನ ಮನೆಗಳ ಮೇಲಿನ ತೆರಿಗೆಯಿಂದ ಬರುತ್ತದೆ. ಮನೆ ಬೆಲೆ ಜಾಸ್ತಿ ಇದ್ದರೆ ಶಾಲೆಗೂ ಜಾಸ್ತಿ. ಹಾಗಾದರೆ ಮನೆ ಬೆಲೆ ಕಡಿಮೆ ಏಕೆ? 1930ರ ದಶಕದಲ್ಲಿ ಸರ್ಕಾರದ ಸಂಸ್ಥೆಯೇ ನಗರಗಳ ನಕ್ಷೆ ಮಾಡಿ, ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದಿತ್ತು. ಅಲ್ಲಿ ಮನೆ ಸಾಲ ಸಿಗುವುದು ಕಷ್ಟವಾಯಿತು. ಆ ಬಣ್ಣದ ಲೆಕ್ಕವನ್ನು ಇವತ್ತಿನ ಮಕ್ಕಳು ಕಟ್ಟುತ್ತಿದ್ದಾರೆ.

ನಗರದ ಪಕ್ಕದಲ್ಲೇ ವಿಲಿಯಂ ಪೆನ್ ಎಂಬ ಶಾಲಾ ಜಿಲ್ಲೆ (ತನ್ನದೇ ತೆರಿಗೆಯಿಂದ ತನ್ನ ಶಾಲೆಗಳನ್ನು ನಡೆಸುವ ಪ್ರದೇಶ, ಅಂದರೆ ಸ್ಕೂಲ್ ಡಿಸ್ಟ್ರಿಕ್ಟ್) ಇದೆ. ಅಲ್ಲಿನ ಮಕ್ಕಳಲ್ಲಿ ಬಹುಪಾಲು ಕಪ್ಪು ಜನಾಂಗದವರು. ತೆರಿಗೆ ದರ ರಾಜ್ಯದಲ್ಲೇ ತೀರಾ ಹೆಚ್ಚಿರುವ ಕಡೆಗಳಲ್ಲಿ ಅದೂ ಒಂದು. ಆದರೂ ದುಡ್ಡು ಸಾಲದು. ಅವರೂ ಇನ್ನು ಕೆಲವರೂ ಸೇರಿ 2014ರಲ್ಲಿ ಕೋರ್ಟಿಗೆ ಹೋದರು. ಪೆನ್ಸಿಲ್ವೇನಿಯಾ ಶಾಲೆಗಳಿಗೆ ದುಡ್ಡು ಹಂಚುವ ರೀತಿಯೇ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದು 2023ರ ಫೆಬ್ರುವರಿಯಲ್ಲಿ ತೀರ್ಪು ಬಂತು.

ಇಲ್ಲಿರುವ ನಮ್ಮ ಕನ್ನಡಿಗರ ಮನೆಯ ಊಟದ ಮಾತುಕತೆಯಲ್ಲಿ ಈ ತೀರ್ಪು ಬರುವುದೇ ಇಲ್ಲ. ಬರುವುದು, "ಯಾವ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಮನೆ ತಗೊಂಡ್ರಿ?" ಅನ್ನುವ ಪ್ರಶ್ನೆ. ಅದರ ಹಿಂದೆಯೇ, "ಸಿಟಿ ಶಾಲೆ ಮಕ್ಕಳು ಮಾತು ಕೇಳಲ್ಲ ಕಣ್ರೀ, ಅದಕ್ಕೇ ಟೀಚರ್‌ಗಳು ಓಡಿಹೋಗ್ತಾರೆ" ಎನ್ನುವ ಷರಾ. ಈ ಷರಾ ನನಗೆ ಸಿಟ್ಟು ತರಿಸುತ್ತದೆ. ಶಿಕ್ಷಕರು ಏಕೆ ಬಿಟ್ಟುಹೋಗುತ್ತಾರೆ ಎಂದು ಇದೇ ಊರಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಇಂಗರ್ಸಾಲ್ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಬಿಳಿಯರಲ್ಲದ ಶಿಕ್ಷಕರೇ ಹೆಚ್ಚಾಗಿ ಬಡ ಮಕ್ಕಳ ನಗರ ಶಾಲೆಗಳಲ್ಲಿ ಕೆಲಸ ಮಾಡುತ್ತಾರೆ, ಬಿಟ್ಟುಹೋಗುವವರಲ್ಲೂ ಅವರ ಪ್ರಮಾಣ ಜಾಸ್ತಿ. ಆದರೆ ಅವರು ಬಿಡುವುದಕ್ಕೂ ಮಕ್ಕಳ ಬಣ್ಣ, ಬಡತನಕ್ಕೂ ದೊಡ್ಡ ಸಂಬಂಧ ಇಂಗರ್ಸಾಲ್‌ಗೆ ಕಾಣಲಿಲ್ಲ. ಕಂಡದ್ದು ಕೆಲಸದ ಸ್ಥಿತಿ. ತರಗತಿಯಲ್ಲಿ ಸ್ವಾತಂತ್ರ್ಯ ಇಲ್ಲ, ಶಾಲೆಯ ತೀರ್ಮಾನಗಳಲ್ಲಿ ಇವರ ಮಾತಿಗೆ ಬೆಲೆ ಇಲ್ಲ.

ಇದು ಪುಸ್ತಕದ ಮಾತಲ್ಲ. 2013ರಲ್ಲಿ ಫಿಲಡೆಲ್ಫಿಯಾ 20ಕ್ಕೂ ಹೆಚ್ಚು ಶಾಲೆಗಳನ್ನು ಮುಚ್ಚಿತು. ಸುಮಾರು 3,800 ಜನರಿಗೆ ಕೆಲಸದಿಂದ ತೆಗೆಯುವ ನೋಟಿಸ್ ಹೋಯಿತು. ಶಿಕ್ಷಕರಷ್ಟೇ ಅಲ್ಲ, ಮಕ್ಕಳಿಗೆ ಸಲಹೆ ಕೊಡುವ ಕೌನ್ಸೆಲರ್‌ಗಳು, ಉಪ ಪ್ರಾಂಶುಪಾಲರು, ಊಟದ ಹಾಲ್ ನೋಡಿಕೊಳ್ಳುವವರು. ಉಳಿದ ಶಿಕ್ಷಕರು 2017ರವರೆಗೆ ಹೊಸ ಒಪ್ಪಂದವಿಲ್ಲದೆ, ಸಂಬಳ ಏರದೆ ದುಡಿದರು. 2019ರ ಸುಮಾರಿಗೆ ಹಳೆಯ ಕಟ್ಟಡಗಳಲ್ಲಿ ಉಸಿರಿಗೆ ಅಪಾಯವಾದ ಕಲ್ನಾರು (ಆಸ್ಬೆಸ್ಟಾಸ್) ಉದುರುತ್ತಿದೆ ಎಂದು ಒಂದೊಂದಾಗಿ ಶಾಲೆ ಮುಚ್ಚಬೇಕಾಯಿತು. ಸೆಪ್ಟೆಂಬರ್ ಸೆಕೆಗೆ ಎಸಿ ಇಲ್ಲದ ಶಾಲೆಗಳ ಮಕ್ಕಳನ್ನು ಮಧ್ಯಾಹ್ನಕ್ಕೇ ಮನೆಗೆ ಕಳಿಸುತ್ತಾರೆ. ಇಷ್ಟೆಲ್ಲ ಆದಮೇಲೂ ತಪ್ಪು ಮಕ್ಕಳದ್ದಾ?

ಇನ್ನೊಂದು ಪದ್ಧತಿ ನಮ್ಮವರಿಗೆ ಬೇಗ ಅರ್ಥವಾದೀತು. ಕೋವಿಡ್‌ಗೆ ಮೊದಲು ಪ್ರತಿ ವರ್ಷ ಇಲ್ಲಿ ಶಾಲೆ ಶುರುವಾಗಿ ಕೆಲವು ವಾರಗಳಿಗೆ ಮಕ್ಕಳ ತಲೆ ಎಣಿಸುತ್ತಿದ್ದರು. ಲೆಕ್ಕ ಕಡಿಮೆ ಬಂದ ಶಾಲೆಯಿಂದ ಶಿಕ್ಷಕರನ್ನು ಎತ್ತಿ ಬೇರೆ ಶಾಲೆಗೆ ಹಾಕುತ್ತಿದ್ದರು. ಮಕ್ಕಳು ಟೀಚರ್‌ಗೆ ಹೊಂದಿಕೊಂಡಿದ್ದೇ ತಡ, ಬೇರೆ ಮುಖ. ನಮ್ಮ 'ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆ' ನೆನಪಾಯಿತು ಅಲ್ವಾ?

ಹಾಗಂತ ನಮ್ಮದೇ ಮೇಲು ಎಂದು ಬೀಗುವ ಹಾಗಿಲ್ಲ. ಸಂಬಳ ಒಂದೇ ಆದರೂ ರಾಯಚೂರು, ಯಾದಗಿರಿ, ಕಲಬುರಗಿಯ ಹುದ್ದೆಗಳು ಖಾಲಿ ಬೀಳುತ್ತವೆ. ಮನೆ ಬಾಡಿಗೆ ಭತ್ಯೆ ದೊಡ್ಡ ಊರಿಗೇ ಜಾಸ್ತಿ. ವರ್ಗಾವಣೆಗೆ ಕಾಯ್ದೆ ಇದೆ, ಶಾಲೆ ಪೇಟೆಯಿಂದ ಎಷ್ಟು ದೂರ ಎಂದು ನೋಡಿ ಮಾಡಿದ ಎ, ಬಿ, ಸಿ ವಲಯ ಇದೆ, ಜಾಗ ಆರಿಸಿಕೊಳ್ಳುವ ಕೌನ್ಸೆಲಿಂಗ್ ಇದೆ. ಆದರೂ ಆ ಕಡೆಯ ಎಷ್ಟೋ ಶಾಲೆಗಳನ್ನು ನಡೆಸುವವರು ಅತಿಥಿ ಶಿಕ್ಷಕರು. ಅವರಿಗೆ ನಾಳೆಯ ಖಾತ್ರಿಯೇ ಇಲ್ಲ. ವೇತನ ಶ್ರೇಣಿ ಒಂದೇ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ಅಮೆರಿಕದ ಗೆಳೆಯರಿಗೆ ನಾನು ಕಲ್ಯಾಣ ಕರ್ನಾಟಕದ ಕಥೆ ಹೇಳುತ್ತೇನೆ. ವ್ಯತ್ಯಾಸ ಒಂದಿದೆ. ನಮ್ಮಲ್ಲಿ ಉಳ್ಳವರು ಸರ್ಕಾರಿ ಶಾಲೆಯನ್ನೇ ಬಿಟ್ಟು ಖಾಸಗಿಗೆ ಹೋದರು. ಇಲ್ಲಿ ಉಳ್ಳವರು ಸರ್ಕಾರಿ ಶಾಲೆಯ ಸುತ್ತಲೇ ಗಡಿ ಹಾಕಿಕೊಂಡರು.

ಈ ಗಡಿಯಿಂದ ಕಪ್ಪು ಶಿಕ್ಷಕರಿಗೆ ಆದ ನಷ್ಟ ದೊಡ್ಡದು. ಫಿಲಡೆಲ್ಫಿಯಾ ಶಾಲೆಗಳ ಮಕ್ಕಳಲ್ಲಿ ಅರ್ಧದಷ್ಟು ಕಪ್ಪು ಜನಾಂಗದವರು. ಈ ಶತಮಾನದ ಆರಂಭದಲ್ಲಿ ಶಿಕ್ಷಕರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಕಪ್ಪು ಜನಾಂಗದವರಿದ್ದರು. ಈಗ ನಾಲ್ಕರಲ್ಲಿ ಒಬ್ಬರೂ ಕಷ್ಟ. ಹೊಸಬರು ಬನ್ನಿ ಎಂದು ಜಾಹೀರಾತು ಕೊಡುತ್ತಲೇ ಇರುತ್ತಾರೆ. ಬಂದವರನ್ನು ಉಳಿಸಿಕೊಳ್ಳುವ ಮಾತು ಕಡಿಮೆ.

ತೀರ್ಪಿನ ನಂತರ 2024ರ ರಾಜ್ಯ ಬಜೆಟ್‌ನಲ್ಲಿ ಹಿಂದುಳಿದ ಶಾಲಾ ಜಿಲ್ಲೆಗಳಿಗೆ ಒಂದಿಷ್ಟು ಹೆಚ್ಚಿನ ದುಡ್ಡು ಬಂದಿದೆ. ಅದನ್ನು ಹೊಸ ಟ್ಯಾಬ್ಲೆಟ್‌ಗೆ, ಹೊಸ ಪರೀಕ್ಷೆಗೆ ಸುರಿಯುವುದು ಸುಲಭ. ನನ್ನ ಕೈಯಲ್ಲಿದ್ದರೆ ಮೊದಲು ಪ್ರತಿ ಶಾಲೆಗೂ ಪೂರ್ತಿ ದಿನ ಇರುವ ನರ್ಸ್, ಸಾಕಷ್ಟು ಕೌನ್ಸೆಲರ್‌ಗಳು, ತಂಪಾದ ಕೋಣೆ. ಆಮೇಲೆ, ಕಷ್ಟದ ಶಾಲೆಯಲ್ಲೇ ಉಳಿದ ಅನುಭವಿ ಶಿಕ್ಷಕರಿಗೆ ಒಂದೆರಡು ಪೀರಿಯಡ್ ಬಿಡುವು ಕೊಟ್ಟು, ಪಕ್ಕದ ಕೋಣೆಯ ಹೊಸ ಶಿಕ್ಷಕಿಯ ಜೊತೆ ಕೂರಿಸುತ್ತೇನೆ. ಅದಕ್ಕೆ ಸಂಬಳವನ್ನೂ ಕೊಡುತ್ತೇನೆ, ಸಿಟಿ ಅವೆನ್ಯೂ ಆ ಕಡೆ ಕೊಡುವಷ್ಟೇ.